ನವಿಲುಗಣ್ಣಿನ ಮೀನಿಗೆ ಗಾಳ ಹಾಕುವ ಮುನ್ನ



ಮೀನು ಹಿಡಿಯುವ ಹವ್ಯಾಸದ ಪ್ರಸ್ತಾಪ ನಮ್ಮ ಭಾಷಣ ಮಾಲೆಯಲ್ಲಿ ಬಂದಾಗಲೆಲ್ಲ ಒಂದಿಷ್ಟು ಪತ್ರಗಳು ಬರುತ್ತವೆ. ಹೆಚ್ಚಿನವು ಕಾವೇರಿಯ ಬಿಳಿ ಮೀನಿನ, ಅಂದರೆ ಮಹಶೀರಿನ ಕುರಿತಾದವು. ಈ ಸಲ ಬಂದದ್ದು ಬೇರೆ ಬಗೆಯ ಪತ್ರ. ಬರೆದವರು ನಿವೃತ್ತ ಎಂಜಿನಿಯರ್. ಅವರ ಮಗ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ. ಅಪ್ಪನನ್ನು ಕರೆದುಕೊಂಡು ಬ್ರೆಜಿಲಿನ ಅಮೆಜಾನ್ ಕಾಡಿಗೆ ಹೋಗಿ ‘ಪೀಕಾಕ್ ಬಾಸ್’ ಎಂಬ ಮೀನನ್ನು ಹಿಡಿಯಬೇಕೆಂಬುದು ಅವನ ಆಸೆ. ರಜೆ ಜೂನ್ ತಿಂಗಳಲ್ಲಿ ಸಿಗುತ್ತದಂತೆ. ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಜೂನ್ ಸರಿಯಾದ ಕಾಲವೇ? ಏನೇನು ಸಿದ್ಧತೆ ಬೇಕು? ಮೂರನೆಯದನ್ನು ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾರೆ: ಆ ಮೀನಿನ ಮರಿ ತಂದು ನಮ್ಮ ಕೆರೆಗೆ ಬಿಟ್ಟರೆ ಬೆಳೆಯುವುದೇ?

ನಾನು ಗಾಳದವನಲ್ಲ, ಕ್ಯಾಮೆರಾದವನು. ಆದರೆ ಹಿಂದೆ ಓದಿದ ವಿಜ್ಞಾನದ ಋಣ ಇನ್ನೂ ತೀರಿಲ್ಲವಾದ್ದರಿಂದ ಇಂಥ ಪ್ರಶ್ನೆಗಳನ್ನು ಪಕ್ಕಕ್ಕಿಡಲು ಮನಸ್ಸಾಗುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಜೂನ್ ಸರಿಯಲ್ಲ. ಏಕೆ ಸರಿಯಲ್ಲ ಎಂಬುದೇ ಈ ಭಾಷಣದ ಬಹುಭಾಗ.

ಮೊದಲು ಮೀನಿನ ಪರಿಚಯವಾಗಲಿ. ಹೆಸರಿನಲ್ಲಿ ‘ಬಾಸ್’ ಇದ್ದರೂ ಇದು ಬಾಸ್ ಜಾತಿಯದಲ್ಲ. ಅಮೆರಿಕನ್ನರು ತಮ್ಮೂರಿನ ಮೀನಿನ ಹೋಲಿಕೆ ಕಂಡು ಇಟ್ಟ ಹೆಸರು ಅದು. ನಿಜವಾಗಿ ಇದು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ನಮ್ಮ ಕೆರೆಗಳಿಂದ ಮಾರುಕಟ್ಟೆಗೆ ಬರುವ ತಿಲಾಪಿಯಾ, ಅಂದರೆ ಜನ ‘ಜಿಲೇಬಿ’ ಎಂದು ಕರೆಯುವ ಮೀನು, ಮತ್ತು ಕೇರಳದ ಹಿನ್ನೀರಿನ ಕರಿಮೀನು ಇದರ ದೂರದ ನೆಂಟರು. ಬಾಲದ ಬುಡದಲ್ಲಿ ಹೊಂಬಣ್ಣದ ಉಂಗುರದ ನಡುವೆ ಕಪ್ಪು ಬೊಟ್ಟು ಇರುತ್ತದೆ, ಥೇಟ್ ನವಿಲುಗರಿಯ ಕಣ್ಣಿನಂತೆ. ವೆನೆಜುವೆಲಾದ ಸ್ಪಾನಿಷ್ ಮಾತಿನಲ್ಲಿ ಇದು ‘ಪವೋನ್’, ಅಂದರೆ ನವಿಲು. ಬ್ರೆಜಿಲಿನಲ್ಲಿ ‘ಟುಕುನಾರೆ’, ಅದು ಅಲ್ಲಿನ ಆದಿವಾಸಿಗಳ ತುಪಿ ಭಾಷೆಯಿಂದ ಬಂದ ಹೆಸರು. 2006ರಲ್ಲಿ ಕುಲಾಂಡರ್ ಮತ್ತು ಫೆರೇರಾ ಎಂಬ ವಿಜ್ಞಾನಿಗಳು ಈ ವರ್ಗದಲ್ಲಿ 15 ಪ್ರಭೇದಗಳನ್ನು ಗುರುತಿಸಿದರು.

ಗಾಳದವರು ಹಂಬಲಿಸುವುದು ಅವುಗಳಲ್ಲೆಲ್ಲ ದೊಡ್ಡದಾದ ಸಿಕ್ಲ ಟೆಮೆನ್ಸಿಸ್ ಎಂಬುದಕ್ಕೆ. ಅದರ ಹೆಸರಿಗೆ ಒಂದು ಇತಿಹಾಸವಿದೆ. ಜರ್ಮನಿಯ ಮಹಾ ಪ್ರವಾಸಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1800ರಲ್ಲಿ ಓರಿನೊಕೊ ನದಿಯ ಕಡೆಯಿಂದ ಟೆಮಿ ಎಂಬ ಹೊಳೆಯ ದಾರಿಯಾಗಿ ರಿಯೊ ನೀಗ್ರೊ ನದಿಗೆ ಬಂದರು. ಆ ಟೆಮಿ ಹೊಳೆಯೇ ಮೀನಿನ ಹೆಸರಿನಲ್ಲಿ ಉಳಿದಿದೆ. ಗಾಳದಲ್ಲಿ ಸಿಕ್ಕ ಅತಿ ದೊಡ್ಡ ಟೆಮೆನ್ಸಿಸ್ ಎಂದು ಅಂತರರಾಷ್ಟ್ರೀಯ ದಾಖಲೆಗೆ ಸೇರಿದ ಮೀನು 2010ರಲ್ಲಿ ಬ್ರೆಜಿಲಿನಲ್ಲಿ, ಇದೇ ರಿಯೊ ನೀಗ್ರೊ ಕಣಿವೆಯಲ್ಲಿ ಸಿಕ್ಕಿತು. ತೂಕ 13 ಕಿಲೋ 190 ಗ್ರಾಂ. ಕೇಳಲು ಇದು ಅಷ್ಟೇನೂ ದೊಡ್ಡದಲ್ಲ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಆದರೂ ಜನ ಇದರ ಹಿಂದೆ ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗುವುದು ಅದು ಎರಗುವ ರಭಸಕ್ಕಾಗಿ. ನೀರಿನ ಮೇಲೆ ಎಳೆಯುವ ಮರದ ಹುಸಿ ಮೀನಿನ ಮೇಲೆ ಇದು ಬಿದ್ದಾಗ ಯಾರೋ ಹೊಳೆಗೆ ಕಲ್ಲು ಚಪ್ಪಡಿ ಎತ್ತಿಹಾಕಿದಂತೆ ಸದ್ದಾಗುತ್ತದೆ. ನಾನು ನೋಡಿದ ಚಿತ್ರೀಕರಣದ ತುಣುಕೊಂದರಲ್ಲಿ ಧ್ವನಿಮುದ್ರಣದ ಸೂಜಿ ಆ ಕ್ಷಣದಲ್ಲಿ ಕೆಂಪು ಗೆರೆ ದಾಟಿ ನಿಂತಿತ್ತು.

ಇನ್ನು ನದಿ. ರಿಯೊ ನೀಗ್ರೊ ಎಂದರೆ ಕಪ್ಪು ಹೊಳೆ. ನೀರು ಹಾಲಿಲ್ಲದ ಚಹಾದ ಬಣ್ಣ. ಕಾಡಿನ ತರಗೆಲೆಗಳು ಮರಳು ನೆಲದಲ್ಲಿ ಕೊಳೆತು ಬರುವ ಹ್ಯೂಮಿಕ್ ಆಮ್ಲಗಳೇ ಆ ಬಣ್ಣಕ್ಕೆ ಕಾರಣ. ನೀರು ಹುಳಿ, ಲವಣಗಳು ತೀರಾ ಕಡಿಮೆ. ಬಹುತೇಕ ಮಳೆನೀರಿನಷ್ಟೇ ಬಡ ನೀರು. ಸೊಳ್ಳೆಯ ಮರಿಗಳಿಗೂ ಇದು ಒಗ್ಗುವುದಿಲ್ಲವಾದ್ದರಿಂದ ಪ್ರವಾಸಿಗಳಿಗೆ ಸೊಳ್ಳೆಯ ಕಾಟ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಆ ಸೀಮೆಯಲ್ಲಿ ಮಲೇರಿಯಾ ಇದೆ. ಮನೌಸ್ ನಗರದ ಬಳಿ ಈ ಕಪ್ಪು ನೀರು ಸೊಲಿಮೋಯ್ಸ್ ಎಂಬ ಕೆಸರು ಬಣ್ಣದ ಮಹಾನದಿಯನ್ನು ಸೇರುತ್ತದೆ. ಎರಡರ ಉಷ್ಣತೆ, ವೇಗ, ಸಾಂದ್ರತೆ ಬೇರೆಬೇರೆಯಾದ್ದರಿಂದ ಕೆಲವು ಕಿಲೋಮೀಟರ್ ದೂರ ಅವು ಬೆರೆಯದೆ ಅಕ್ಕಪಕ್ಕದಲ್ಲೇ ಹರಿಯುತ್ತವೆ.

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಇಂದು ಎಷ್ಟು ಅಡಿ ಎಂದು ಪತ್ರಿಕೆಯಲ್ಲಿ ನೋಡಿದ ಮೇಲೆಯೇ ಕಾಫಿ ಕುಡಿಯುವವರು ಮಂಡ್ಯದ ಕಡೆ ಬಹಳ ಜನ. ತುಂಬಿದರೆ 124.80 ಅಡಿ ಎಂಬುದು ಮಕ್ಕಳಿಗೂ ಗೊತ್ತು. ಮನೌಸ್ ಬಂದರಿನಲ್ಲಿಯೂ ಹೀಗೆಯೇ 1902ರಿಂದ ನದಿಯ ಮಟ್ಟವನ್ನು ಬರೆದಿಡುತ್ತ ಬಂದಿದ್ದಾರೆ. ಅಲ್ಲಿ ನದಿ ಪ್ರತಿವರ್ಷ ಸರಾಸರಿ ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ಅಣೆಕಟ್ಟಿನ ಹಿಂದಿನ ನೀರಲ್ಲ, ಹರಿಯುವ ನದಿ! ಈ ದಾಖಲೆಯಲ್ಲಿ ಅತಿ ಎತ್ತರದ ಮಟ್ಟ 30.02 ಮೀಟರ್. ಅದು ಬಂದದ್ದು 2021ರಲ್ಲಿ. ತಿಂಗಳು ಯಾವುದು ಬಲ್ಲಿರಾ? ಜೂನ್.

ಅಲ್ಲಿ ಜೂನ್ ಎಂದರೆ ಸಾಮಾನ್ಯವಾಗಿ ನೀರು ತುಂಬಿ ನಿಂತ ಕಾಲ. ಸೊಲಿಮೋಯ್ಸ್ ಉಬ್ಬಿ ರಿಯೊ ನೀಗ್ರೊದ ನೀರು ಹೊರಹೋಗದಂತೆ ತಡೆಯುತ್ತದೆ. ಕಪ್ಪು ನದಿ ಹಿನ್ನೀರಾಗಿ ಕಾಡಿನೊಳಕ್ಕೆ ಹರಡುತ್ತದೆ. ಮುಳುಗಿದ ಆ ಕಾಡಿಗೆ ‘ಇಗಪೊ’ ಎಂದು ಹೆಸರು. ಮೀನುಗಳಿಗೆ ಆಗ ಹಬ್ಬ. ಸಣ್ಣ ಮೀನು ಮರದ ಹಣ್ಣು ಬೀಜ ತಿನ್ನಲು ಕೊಂಬೆಗಳ ನಡುವೆ ನುಗ್ಗುತ್ತವೆ, ಅವುಗಳ ಹಿಂದೆ ನಮ್ಮ ನವಿಲುಗಣ್ಣಿನ ಬೇಟೆಗಾರ. ನೀವು ದೋಣಿಯಲ್ಲಿ ಕುಳಿತು ಗಾಳ ಬೀಸಿದರೆ ಅದು ಮರದ ತುದಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ಮೀನು ಇಲ್ಲವೆಂದಲ್ಲ, ಮೈಲಿಗಟ್ಟಲೆ ಕಾಡಿನಲ್ಲಿ ಚದುರಿಹೋಗಿದೆ.

ನೀರು ಇಳಿದಾಗ ಕಾಡು ಬರಿದಾಗುತ್ತದೆ. ಮೀನುಗಳೆಲ್ಲ ನದಿಯ ಪಾತ್ರಕ್ಕೆ, ಅದಕ್ಕಿಂತ ಹೆಚ್ಚಾಗಿ ಪಾತ್ರದ ಪಕ್ಕದ ಕೊಳಗಳಿಗೆ ಬಂದು ಸೇರುತ್ತವೆ. ಬಿಳಿ ಮರಳಿನ ದಂಡೆಗಳು ಮೇಲೇಳುತ್ತವೆ. ಗಾಳದವರ ಕಾಲ ಅದು. ರಿಯೊ ನೀಗ್ರೊದ ನಡುಭಾಗದಲ್ಲಿ, ಅಂದರೆ ಬಾರ್ಸೆಲೋಸ್ ಪಟ್ಟಣದ ಸುತ್ತಮುತ್ತ, ಸೆಪ್ಟೆಂಬರಿನಿಂದ ನೀರು ಇಳಿಯತೊಡಗಿ ಮಾರ್ಚ್‌ವರೆಗೆ ಈ ಅವಕಾಶ ಇರುತ್ತದೆ. ಅಮೆಜಾನಿನ ದಕ್ಷಿಣ ದಂಡೆಗೆ ಬಂದು ಸೇರುವ ಮದೀರಾ, ತಪಜೋಸ್ ಮುಂತಾದ ನದಿಗಳಲ್ಲಿ ನೀರು ಇದಕ್ಕಿಂತ ಮೊದಲೇ, ಸುಮಾರು ಜುಲೈನಿಂದ ಅಕ್ಟೋಬರ್ ಒಳಗೆ ಇಳಿಯುತ್ತದೆ. ಮಳೆಯ ಪಟ್ಟೆ ಸೂರ್ಯನೊಡನೆ ಭೂಮಧ್ಯರೇಖೆಯ ಈಚೆಗೂ ಆಚೆಗೂ ಸರಿಯುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದ್ದರಿಂದ ‘ಅಮೆಜಾನಿಗೆ ಯಾವಾಗ ಹೋಗಬೇಕು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಏಜೆಂಟರನ್ನು ನಂಬಬೇಡಿ. ಯಾವ ಹೊಳೆ ಎಂದು ತಿಳಿಯದೆ ತಿಂಗಳು ಹೇಳಲಾಗದು.

ತಿಂಗಳು ಸರಿಯಾದರೂ ಕೆಲಸ ಮುಗಿಯುವುದಿಲ್ಲ. ಇಳಿಯುತ್ತಿರುವ ನದಿ ಎಲ್ಲೋ ಮೇಲಣ ಮಳೆಗೆ ಒಮ್ಮೆಲೇ ಮತ್ತೆ ಏರುವುದುಂಟು. ಅಲ್ಲಿಯವರು ಅದನ್ನು ‘ರೆಪಿಕೇಟೆ’ ಎನ್ನುತ್ತಾರೆ. ಕೊಳದಲ್ಲಿ ಸೇರಿದ್ದ ಮೀನು ಮತ್ತೆ ಕಾಡಿಗೆ ಓಡುತ್ತದೆ. ಆರು ದಿನಕ್ಕೆಂದು ಹಣ ಕಟ್ಟಿ ಹೋದವನ ಪ್ರವಾಸ ಅಲ್ಲಿಗೆ ಮುಗಿದಂತೆಯೇ. ಇದಕ್ಕೆ ಉಪಾಯ ಒಂದೇ. ಒಂದೆಡೆ ನೆಲೆನಿಂತ ವಸತಿಗೃಹಕ್ಕಿಂತ, ಜಾಗ ಬದಲಿಸಬಲ್ಲ ದೋಣಿಮನೆಯಿಂದ ಮೀನು ಹಿಡಿಸುವವರನ್ನು ಆರಿಸಿಕೊಳ್ಳುವುದು. ಒಂದು ಉಪನದಿ ಏರಿದರೆ ಇನ್ನೊಂದಕ್ಕೆ ಹೋಗಬಹುದು. ಮುಂಗಡ ಕಳಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು: ನೀರು ಏರಿದರೆ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತೀರಿ? ಹೊಳೆಯ ಹೆಸರು ಹೇಳದೆ ‘ಚಿಂತೆ ಬೇಡ’ ಎಂದಷ್ಟೇ ಬರೆದರೆ ನೀವು ಚಿಂತಿಸಬೇಕು.

ತೀರಾ ಇಳಿದ ನೀರೂ ಒಳ್ಳೆಯದಲ್ಲ ಎಂಬುದನ್ನು ಇತ್ತೀಚಿನ ಬರಗಾಲಗಳು ತೋರಿಸಿವೆ. 2023ರ ಅಕ್ಟೋಬರಿನಲ್ಲಿ ಮನೌಸ್‌ನಲ್ಲಿ ಮಟ್ಟ 12.70 ಮೀಟರಿಗೆ ಕುಸಿದಾಗ, ದಾಖಲೆ ಆರಂಭವಾದಂದಿನಿಂದ ಅಷ್ಟು ಕೆಳಗೆ ಎಂದೂ ಹೋಗಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಅದೂ ಮುರಿದು ನೀರು ಇನ್ನೂ ಕೆಳಕ್ಕೆ ಹೋಯಿತು. 2021ರ ನೆರೆಗೂ ಈ ಬರಕ್ಕೂ ನಡುವಿನ ಅಂತರ 17 ಮೀಟರಿಗೂ ಹೆಚ್ಚು, ಐದಂತಸ್ತಿನ ಕಟ್ಟಡದಷ್ಟು. ದೋಣಿಗಳು ಕೆಸರಿನಲ್ಲಿ ಕುಳಿತವು. ನದಿಯನ್ನೇ ರಸ್ತೆ ಮಾಡಿಕೊಂಡ ಹಳ್ಳಿಗಳಿಗೆ ಅಕ್ಕಿ, ಕುಡಿಯುವ ನೀರು, ಔಷಧಿ ತಲುಪುವುದು ಕಷ್ಟವಾಯಿತು. ಸೊಲಿಮೋಯ್ಸ್ ಕಡೆಯ ಟೆಫೆ ಸರೋವರದಲ್ಲಿ 2023ರಲ್ಲಿ ನೀರು 39 ಡಿಗ್ರಿ ದಾಟಿ ಕಾದು ನೂರಕ್ಕೂ ಹೆಚ್ಚು ಸಿಹಿನೀರಿನ ಡಾಲ್ಫಿನ್‌ಗಳು ಸತ್ತವು. ಅಂಥ ವರ್ಷ ಗಾಳ ಹಿಡಿದು ಹೋಗುವವನು ಎರಡು ಸಲ ಯೋಚಿಸಬೇಕು. ಕೊಳಗಳಲ್ಲಿ ಸಿಕ್ಕಿಬಿದ್ದು ಉಸಿರಿಗೆ ಒದ್ದಾಡುವ ಮೀನನ್ನು ಹಿಡಿದು ಬಿಟ್ಟರೂ ಅದು ಬದುಕುವುದು ಅನುಮಾನ. ಮೇಲಾಗಿ ನಿಮ್ಮ ದೋಣಿಗೆ ಸುರಿಯುವ ಇಂಧನ ಆ ಹಳ್ಳಿಯವರಿಗೆ ಬೇಕಾದದ್ದು. ಬ್ರೆಜಿಲಿನ ಭೂವೈಜ್ಞಾನಿಕ ಸೇವೆಯವರು ನದಿಮಟ್ಟದ ಪ್ರಕಟಣೆಗಳನ್ನು ಹೊರಡಿಸುತ್ತಿರುತ್ತಾರೆ. ಹೊರಡುವ ಎರಡು ತಿಂಗಳು ಮೊದಲಿನಿಂದ ಅದನ್ನು ಕಟ್ಟೆಯ ಮಟ್ಟ ನೋಡಿದಂತೆಯೇ ನೋಡುತ್ತಿರಿ.

ನಮ್ಮ ಎಂಜಿನಿಯರ್ ಮಿತ್ರರ ಮಗನಿಗೆ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆ ಇದ್ದೇ ಇರುತ್ತದೆ. ಅದಕ್ಕೆ ನಾಲ್ಕಾರು ದಿನ ಸೇರಿಸಿಕೊಂಡರೆ ಬಾರ್ಸೆಲೋಸ್ ಸೀಮೆಗೆ ಸರಿಹೊಂದುತ್ತದೆ.

ಬಾರ್ಸೆಲೋಸ್ ಬಗ್ಗೆ ಎರಡು ಮಾತು. ಮನೌಸ್‌ನಿಂದ ಮೇಲಕ್ಕೆ ಸುಮಾರು 400 ಕಿಲೋಮೀಟರ್ ದೂರದ ಪಟ್ಟಣ. 18ನೇ ಶತಮಾನದಲ್ಲಿ ಪೋರ್ಚುಗೀಸರ ರಿಯೊ ನೀಗ್ರೊ ಪ್ರಾಂತ್ಯದ ಮೊದಲ ರಾಜಧಾನಿ. ಅದರ ಆಡಳಿತ ವ್ಯಾಪ್ತಿ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು, ಜನಸಂಖ್ಯೆ ಮಾತ್ರ ನಮ್ಮ ಒಂದು ಸಣ್ಣ ತಾಲೂಕು ಕೇಂದ್ರದಷ್ಟು. ಬೆಂಗಳೂರಿನ ಮನೆಗಳ ಗಾಜಿನ ತೊಟ್ಟಿಯಲ್ಲಿ ಕೆಂಪು ನೀಲಿ ಗೆರೆಯ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನನ್ನು ನೀವು ಕಂಡಿರಬಹುದು. ಅದರ ತವರು ಈ ಸೀಮೆ. ‘ಪಿಯಬೇರೊ’ ಎನ್ನುವ ಬೆಸ್ತರು ಸಣ್ಣ ದೋಣಿಯಲ್ಲಿ ಕೈಬಲೆ ಹಿಡಿದು ಮುಳುಗಿದ ಕಾಡಿನೊಳಗೆ ಹೋಗಿ ಅವನ್ನು ಹಿಡಿದು ತಂದು ಮಾರುತ್ತಿದ್ದರು. ಹೊರದೇಶಗಳಲ್ಲಿ ಸಾಕಣೆಯ ಮೀನು ಅಗ್ಗವಾದ ಮೇಲೆ ಆ ಕಸುಬು ಸೊರಗಿತು. ಊರಿನ ಕೈಗೆ ಈಗ ಕಾಸು ತರುವವುಗಳಲ್ಲಿ ಗಾಳದ ಪ್ರವಾಸಿಗಳೂ ಒಬ್ಬರು. ಹಾಗಾಗಿ ಟುಕುನಾರೆ ಉಳಿಯುವುದು ಅವರ ಅನ್ನದ ಪ್ರಶ್ನೆ. ಇನ್ನೂ ಮೇಲಿನ ಮರಿಯೆ ಎಂಬ ಉಪನದಿಯಲ್ಲಿ ಆದಿವಾಸಿ ಸಮುದಾಯಗಳೇ 2014ರಿಂದ ಒಪ್ಪಂದದ ಮೇಲೆ ಗಾಳದವರನ್ನು ಬಿಟ್ಟುಕೊಳ್ಳುತ್ತಿವೆ. ಹಿಡಿದ ಮೀನನ್ನೆಲ್ಲ ಮರಳಿ ನೀರಿಗೆ ಬಿಡಬೇಕೆಂಬುದು ಅಲ್ಲಿನ ಕರಾರು. ಯಾರ ಹೊಳೆಗೆ ಹೋಗುತ್ತಿದ್ದೇವೆ, ಅವರ ಒಪ್ಪಿಗೆ ಇದೆಯೇ ಎಂದು ಏಜೆಂಟರನ್ನು ಕೇಳುವುದು ನಿಮ್ಮ ಹಕ್ಕು.

ಮನೌಸ್‌ನಿಂದ ಬಾರ್ಸೆಲೋಸ್‌ಗೆ ದೋಣಿಯಲ್ಲೂ ಹೋಗಬಹುದು, ಸಣ್ಣ ವಿಮಾನದಲ್ಲೂ ಹೋಗಬಹುದು. 2023ರ ಸೆಪ್ಟೆಂಬರ್ 16ರಂದು ಅಂಥ ಒಂದು ವಿಮಾನ ಬಿರುಮಳೆಯಲ್ಲಿ ಬಾರ್ಸೆಲೋಸ್‌ನಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ ಅದರಲ್ಲಿದ್ದ 14 ಮಂದಿಯೂ ಸತ್ತರು. ಪ್ರಯಾಣಿಕರೆಲ್ಲ ಮೀನು ಹಿಡಿಯಲು ಹೊರಟವರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹವೆ ಕೆಟ್ಟರೆ ಒಂದು ದಿನ ಕಾಯಲು ಪುರುಸೊತ್ತು ಇಟ್ಟುಕೊಳ್ಳಿ ಎನ್ನುವುದಕ್ಕೆ ಹೇಳಿದೆ. ಹಿಂತಿರುಗುವ ದೊಡ್ಡ ವಿಮಾನವನ್ನು ಅದೇ ದಿನಕ್ಕೆ ಕಾದಿರಿಸಿದರೆ ಎಲ್ಲರಿಗೂ ಅವಸರ, ಹವೆಗೆ ಮಾತ್ರ ಅವಸರವಿಲ್ಲ.

ಎರಡನೆಯ ಪ್ರಶ್ನೆ, ಸಿದ್ಧತೆ. ಭಾರತೀಯರಿಗೆ ಬ್ರೆಜಿಲಿನ ವೀಸಾ ಬೇಕು, ಅಲ್ಲಿನ ಗಾಳದ ಪರವಾನಗಿ ಬೇಕು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನೊಂದಿಗೇ ಇಡಿ. ಬ್ರೆಜಿಲಿನಿಂದ ಭಾರತಕ್ಕೆ ಮರಳುವವರ ಬಳಿ ಅದಿಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕ ವಾಸಕ್ಕೆ ಕಳಿಸುತ್ತಾರೆ. ಅರವತ್ತು ದಾಟಿದವರು ಈ ಚುಚ್ಚುಮದ್ದಿಗೆ ಮೊದಲು ತಮ್ಮ ವೈದ್ಯರ ಸಲಹೆ ಪಡೆಯಲೇಬೇಕು. ಮಲೇರಿಯಾ ಮಾತ್ರೆಯ ವಿಚಾರವನ್ನೂ ಅವರಲ್ಲೇ ಕೇಳಿ. ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ. ದೋಣಿಮನೆಯಿಂದ ಆಸ್ಪತ್ರೆ ಎಷ್ಟು ಗಂಟೆಯ ದಾರಿ ಎಂಬುದೂ ಮುಂಗಡಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆ.

ಗಾಳದ ಕೋಲು ಏಳಡಿಯ ಆಸುಪಾಸಿನದು, ಗಟ್ಟಿಯದು. ದಾರ ಹೆಣೆದದ್ದು, 50 ಪೌಂಡಿಗಿಂತ ಕಡಿಮೆ ತಾಳುವುದು ಬೇಡ. ಮೀನು ಕಚ್ಚಿದೊಡನೆ ಮುಳುಗಿದ ಮರದ ಬೇರಿನ ಕಡೆಗೇ ಓಡುತ್ತದೆ. ಹಿಂಬದಿಯಲ್ಲಿ ತಿರುಗುವ ರೆಕ್ಕೆ ಇರುವ ದೊಡ್ಡ ಹುಸಿ ಮೀನನ್ನು ಎಳೆಯುವುದೇ ಪ್ರಸಿದ್ಧ ಕ್ರಮ. ಆದರೆ ದಿನವಿಡೀ ಅದನ್ನು ಬೀಸಿ ಎಳೆಯುವುದು ಬಾವಿಯಿಂದ ನೀರು ಸೇದಿದಷ್ಟೇ ದುಡಿಮೆ. ವಯಸ್ಸಾದ ಭುಜಕ್ಕೆ ಒಂದು ಗಂಟೆ ಸಾಕು. ಉಳಿದ ಹೊತ್ತು ಪುಕ್ಕ ಕಟ್ಟಿದ ಹಗುರ ಕೊಕ್ಕೆಯನ್ನು ನೀರಿನೊಳಗೆ ಎಳೆದರೆ ಸದ್ದು ಕಡಿಮೆ, ಮೀನು ಹೆಚ್ಚು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ. ಮೀನಿಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು.

ಹಿಡಿದ ಮೇಲೆ ಬಿಡುವುದರಲ್ಲೂ ತಿಳಿವಳಿಕೆ ಬೇಕು. ಈ ಮೀನಿನಲ್ಲಿ ತಂದೆ ತಾಯಿ ಎರಡೂ ಸೇರಿ ಮೊಟ್ಟೆಯನ್ನೂ ಮರಿಯನ್ನೂ ವಾರಗಟ್ಟಲೆ ಕಾಯುತ್ತವೆ. ಬೆದೆಯ ಕಾಲದಲ್ಲಿ ಗಂಡಿನ ನೆತ್ತಿಯ ಮೇಲೆ ಡುಬ್ಬ ಏಳುತ್ತದೆ, ಮೈಮೇಲೆ ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಉಳಿದ ಕಾಲದಲ್ಲಿ ಮೈ ಮಸುಕಾಗಿ ಬಿಳಿ ಚುಕ್ಕೆಗಳ ಸಾಲು ಮೂಡುತ್ತದೆ. ಇವೆರಡನ್ನೂ ಬೇರೆಬೇರೆ ಮೀನೆಂದೇ ಬಹುಕಾಲ ಜನ ತಿಳಿದಿದ್ದರು. ಎರಡೂ ಒಂದೇ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಖಚಿತಪಡಿಸಿತು. ಮರಿ ಕಾಯುವ ಮೀನು ಹಸಿವಿಲ್ಲದಿದ್ದರೂ ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಹಿಡಿಯಲು ಅದೇ ಅತಿ ಸುಲಭ. ಅದನ್ನು ಮೇಲೆತ್ತಿ ಫೋಟೋಗೆ ನಿಂತ ಆ ಎರಡು ನಿಮಿಷದಲ್ಲಿ ಪಿರಾನ್ಹಾದಂಥವು ಬಂದು ಮರಿಗಳನ್ನು ನುಂಗಿ ಹೋಗಬಹುದು. ನೀರಿನ ಮೇಲೆ ಸಣ್ಣ ಮಳೆ ಹನಿದಂತೆ ಮರಿಗಳ ಗುಂಪು ಕಂಡರೆ ಗಾಳವನ್ನು ಬೇರೆ ಕಡೆ ಹಾಕುವವನೇ ನನ್ನ ಲೆಕ್ಕದಲ್ಲಿ ಬಲ್ಲವನು.

ಇನ್ನೊಂದು ತಮಾಷೆಯಲ್ಲದ ತಮಾಷೆ. ದಣಿದ ಮೀನನ್ನು ಬಿಡುವ ಗಳಿಗೆ ನದಿಯ ಗುಲಾಬಿ ಡಾಲ್ಫಿನ್‌ಗೆ ಚೆನ್ನಾಗಿ ಗೊತ್ತು. ಅದು ದೋಣಿಯ ಹಿಂದೆಯೇ ಬಂದು, ನೀವು ಧರ್ಮಕ್ಕೆ ಬಿಟ್ಟ ಮೀನನ್ನು ಮೂರು ಮಾರು ದೂರದಲ್ಲೇ ಹಿಡಿದು ತಿನ್ನುತ್ತದೆ. ಆದ್ದರಿಂದ ಅನುಭವಸ್ಥ ಅಂಬಿಗರು ಮೀನಿಗೆ ಉಸಿರು ಮರಳುವವರೆಗೆ ಆಳವಿಲ್ಲದ ದಡದ ನೀರಿನಲ್ಲಿ ಹಿಡಿದುಕೊಂಡಿದ್ದು ಆಮೇಲೆ ಬಿಡುತ್ತಾರೆ.

ಕೊನೆಗೆ ಅಂಚಿನ ಪ್ರಶ್ನೆ. ನಮ್ಮ ಕೆರೆಯಲ್ಲಿ ಬೆಳೆಯುವುದೇ? ಚೆನ್ನಾಗಿ ಬೆಳೆಯಬಹುದು, ಭಯ ಇರುವುದೇ ಅಲ್ಲಿ. ಪನಾಮಾ ಕಾಲುವೆಯ ಭಾಗವಾದ ಗಟೂನ್ ಸರೋವರಕ್ಕೆ ಇದೇ ವರ್ಗದ ಮೀನು ಸಾಕಣೆಯ ಕೊಳವೊಂದರಿಂದ ತಪ್ಪಿಸಿಕೊಂಡು 1967ರ ಸುಮಾರಿಗೆ ಸೇರಿತು. ಝಾರೆಟ್ ಮತ್ತು ಪೇನ್ ಎಂಬ ವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ ಸಾಮಾನ್ಯವಾಗಿದ್ದ ಎಂಟು ಬಗೆಯ ಮೀನುಗಳಲ್ಲಿ ಆರು, ಇದು ಹರಡಿದಲ್ಲೆಲ್ಲ ಕಾಣೆಯಾಗಿದ್ದವು. ಸಣ್ಣ ಮೀನು ಹೋದ ಮೇಲೆ ಅವನ್ನು ನಂಬಿದ್ದ ನೀರಹಕ್ಕಿಗಳೂ ಕಡಿಮೆಯಾದವು. ಸೊಳ್ಳೆಮರಿ ತಿನ್ನುವ ಮೀನುಗಳು ಇಲ್ಲವಾದ್ದರಿಂದ ಮಲೇರಿಯಾದ ಭಯವೂ ಹೆಚ್ಚಬಹುದೆಂದು ಅವರು ಶಂಕಿಸಿದ್ದರು. 45 ವರ್ಷಗಳ ನಂತರ ಬೇರೆ ವಿಜ್ಞಾನಿಗಳು ಹೋಗಿ ನೋಡಿದಾಗಲೂ ಆ ಸರೋವರ ಚೇತರಿಸಿಕೊಂಡಿರಲಿಲ್ಲ. ನಮ್ಮಲ್ಲಿಯೂ 2018ರ ಕೇರಳದ ನೆರೆಯ ನಂತರ ಅಮೆಜಾನಿನ ಅರಪೈಮಾ ಎಂಬ ದೈತ್ಯ ಮೀನು ಚಾಲಕುಡಿ ಹೊಳೆಯಲ್ಲಿ ಬೆಸ್ತರ ಬಲೆಗೆ ಬಿದ್ದಿತ್ತು.

ಮಗ ಫ್ಲಾರಿಡಾದಲ್ಲೇ ಇರುವುದರಿಂದ ಇನ್ನೊಂದು ದಾರಿಯೂ ಇದೆ. ಮಯಾಮಿಯ ಕಾಲುವೆಗಳಿಗೆ ಅಲ್ಲಿನ ಸರಕಾರದವರೇ 1984ರಲ್ಲಿ ಇದೇ ವರ್ಗದ ಒಂದು ಚಿಕ್ಕ ಮೀನನ್ನು ತಂದು ಬಿಟ್ಟಿದ್ದಾರೆ. ಅಲ್ಲಿ ಅದಾಗಲೇ ಹೆಚ್ಚಿಕೊಂಡಿದ್ದ ಬೇರೆ ಪರದೇಶಿ ಮೀನುಗಳನ್ನು ತಿನ್ನಿಸುವುದು ಅವರ ಉದ್ದೇಶವಾಗಿತ್ತು. ಚಳಿ ತಾಳದ ಈ ಮೀನು ಉತ್ತರಕ್ಕೆ ಹರಡಲಾರದು ಎಂಬ ಲೆಕ್ಕಾಚಾರವೂ ಇತ್ತು. ಅಪ್ಪ ಮಗ ಇಬ್ಬರೂ ಮೊದಲು ಅಲ್ಲಿ, ಮನೆಯ ಹತ್ತಿರದ ಕಾಲುವೆಯ ದಡದಲ್ಲಿ ನಿಂತು ನಾಲ್ಕು ದಿನ ಕೈ ಪಳಗಿಸಿಕೊಳ್ಳಬಹುದು. ಅದಕ್ಕೆ ಜೂನ್ ತಿಂಗಳ ರಜೆಯೇ ಸಾಕು.